ಗೆದ್ದ ಕಾಲನ್ನು ನೀವಿದ ಕೈಗಳು

ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರಿಂದ ತಂದೆ, ತಾಯಿ ಮತ್ತು 8 ವರ್ಷದ ಮಗ ನನ್ನ ಬಳಿ ಬಂದಿದ್ದರು. ಹುಡುಗನ ಎಡಪಾದ ಒಳಕ್ಕೆ ತಿರುಗಿತ್ತು. ಅಂಗಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆದೂ ನಡೆದೂ ಅಲ್ಲಿನ ಚರ್ಮ ದಪ್ಪಗಾಗಿತ್ತು.

ನಾನು ಕಾಲು ಪರೀಕ್ಷಿಸುತ್ತಿರುವಾಗ ತಂದೆ ಅಂಗಿಯ ಜೇಬಿನಿಂದ ಮಡಿಕೆ ಬಿದ್ದ ಪತ್ರಿಕೆಯ ತುಂಡೊಂದನ್ನು ತೆಗೆದರು. ಶಾಲೆಯ ಗೋಡೆಗೆ ಅಂಟಿಸಿದ್ದನ್ನು ಮೇಷ್ಟರನ್ನು ಕೇಳಿ ತಂದದ್ದಂತೆ. ಅದರಲ್ಲಿದ್ದುದು ಹಾಸನ ಜಿಲ್ಲೆಯ ಎತ್ತರ ಜಿಗಿತಗಾರ ಎಚ್.ಎನ್. ಗಿರೀಶ ಅವರ ಚಿತ್ರ.

"ಸಾ, ಈ ಫೋಟ ನೋಡಿ. ಕಾಲ್ ಸರಿಯಿಲ್ದಿದ್ರೂವ ಎಷ್ಟೆತ್ರ ಹಾರವ್ರ! ನಮ್ ಹೈದನ್ಗ ಮನ್ಸಿಲ್ಲ, ಅಷ್ಟೇ ಕನ ಸಾ. ವ್ಯಾಯಾಮ ಮಾಡು ಅಂದ್ರ ಅಳ್ತಾನ" ಎಂದರು.

ಹುಡುಗ ಗೋಡೆಯ ಕಡೆ ಮುಖ ತಿರುಗಿಸಿದ. ತಂದೆ ಚೀಟಿ ಮಾಡಿಸಲು ಹೊರಗೆ ಹೋದಾಗ ಮೆಲ್ಲನೆ ಕೇಳಿದೆ: "ಯಾಕೆ ಮಗ, ಏನಾಯ್ತು?" ಅವನು ತಲೆಯೆತ್ತದೆ ಹೇಳಿದ: "ನಂಗ ಹಾರಕ್ಕಾಗಲ್ಲ ಸಾ. ಇಸ್ಕೂಲ್ಗ ಕುಂಟ್ದೆ ಹೋದ್ರ ಸಾಕು."

ಕಷ್ಟವನ್ನು ಮೀರಿ ಗೆದ್ದ ಕ್ರೀಡಾಪಟುಗಳ ಕಥೆಗಳನ್ನು ನಾವೆಲ್ಲ ಮಕ್ಕಳಿಗೆ ಓದಿ ಹೇಳುತ್ತೇವೆ. ಹೇಳಲೂ ಬೇಕು. ಆದರೆ ಆ ಕಥೆಗಳಲ್ಲಿ ಅರ್ಧವನ್ನು ಮಾತ್ರ ಹೇಳುತ್ತಿದ್ದೇವೆಯೇ ಎಂಬ ಸಂದೇಹ ಆ ದಿನ ನನ್ನಲ್ಲಿ ಮೂಡಿತು. ಪದಕದ ಚಿತ್ರದಲ್ಲಿ ಒಬ್ಬರೇ ನಿಂತಿರುತ್ತಾರೆ. ಅವರು ಅಲ್ಲಿಗೆ ಬರಲು ಬೇಕಾದ ಆಸ್ಪತ್ರೆ, ಬಸ್ಸು, ಬೂಟು, ತಾಯಿಯ ಕೈ, ಕಲಿಸಿದ ಗುರು ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ನೋಡಿದವರಿಗೆ ಎಲ್ಲವೂ ಮನಸ್ಸಿನ ಬಲದಿಂದಲೇ ಆದಂತೆ ತೋರುತ್ತದೆ. ಕಾಲು ಸರಿಯಾಗದ ಮಗುವಿನ ತಲೆಯ ಮೇಲೆ ಮನಸ್ಸಿಲ್ಲದವನೆಂಬ ಇನ್ನೊಂದು ಹೊರೆ ಬೀಳುತ್ತದೆ.

ವಾರಕ್ಕೊಂದು ಬಸ್ಸು, ದಿನಕ್ಕೆ ನಾಲ್ಕು ಸಲ

ವಿಲ್ಮಾ ರುಡಾಲ್ಫ್ ಅವರ ಹೆಸರನ್ನು ಅನೇಕರು ಕೇಳಿರಬಹುದು. ಅಮೆರಿಕದ ಟೆನೆಸಿ ರಾಜ್ಯದ ಕ್ಲಾರ್ಕ್ಸ್‌ವಿಲ್ ಎಂಬ ಊರಿನ ಬಡ ಕಪ್ಪು ಕುಟುಂಬದಲ್ಲಿ 1940ರಲ್ಲಿ ಹುಟ್ಟಿದವರು. ತಂದೆಯ 22 ಮಕ್ಕಳಲ್ಲಿ 20ನೆಯವರು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಚಿಕ್ಕಂದಿನಲ್ಲೇ ನ್ಯುಮೋನಿಯಾ ಬಂತು, ನಂತರ ಪೋಲಿಯೊ ತಗುಲಿ ಎಡಗಾಲಿನ ಬಲ ಹೋಯಿತು. ಇದೇ ಮಗು ಮುಂದೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ರಿಲೇ ಓಟದಲ್ಲಿ ಕಂಚು ಗೆದ್ದಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಮತ್ತು 4x100 ಮೀಟರ್ ರಿಲೇಯಲ್ಲಿ ಚಿನ್ನ ಗಳಿಸಿತು.

ನಡುವಿನ ವರ್ಷಗಳಲ್ಲಿ ನಡೆದದ್ದು ಇದು. ಅಂದಿನ ವರ್ಣಭೇದದಿಂದಾಗಿ ಕಪ್ಪು ಜನರಿಗೆ ಊರಿನಲ್ಲಿ ಸರಿಯಾದ ಚಿಕಿತ್ಸೆ ಸಿಗುತ್ತಿರಲಿಲ್ಲ. ತಾಯಿ ಮನೆಗೆಲಸ ಮಾಡಿ ಸಂಸಾರಕ್ಕೆ ನೆರವಾಗುತ್ತಿದ್ದವರು. ಆಕೆ ಮಗಳನ್ನು ಕರೆದುಕೊಂಡು ಸುಮಾರು 80 ಕಿ.ಮೀ. ದೂರದ ನ್ಯಾಶ್‌ವಿಲ್ ನಗರದ ಆಸ್ಪತ್ರೆಗೆ ವಾರ ವಾರವೂ ಬಸ್ಸಿನಲ್ಲಿ ಹೋಗುತ್ತಿದ್ದರು. ಸುಮಾರು ಎರಡು ವರ್ಷ ಹೀಗೆ ಓಡಾಡಿದರು. ಆಸ್ಪತ್ರೆಯಲ್ಲಿ ಕಾಲು ನೀವುವ, ಮಡಿಸಿ ಚಾಚುವ ಕ್ರಮವನ್ನು ಕಲಿತು ಬಂದು ದೊಡ್ಡ ಮಕ್ಕಳಿಗೂ ಕಲಿಸಿದರು. ಮನೆಯವರೆಲ್ಲ ಸರದಿಯ ಮೇಲೆ ದಿನಕ್ಕೆ ನಾಲ್ಕು ಸಲ ಆ ಕಾಲನ್ನು ನೀವುತ್ತಿದ್ದರು. ಹುಡುಗಿ ವರ್ಷಗಟ್ಟಲೆ ಲೋಹದ ಕ್ಯಾಲಿಪರ್ ತೊಟ್ಟಳು, ಆಮೇಲೆ ವಿಶೇಷ ಬೂಟು ಹಾಕಿದಳು. ಸುಮಾರು 12ನೆಯ ವಯಸ್ಸಿಗೆ ಅವುಗಳಿಂದ ಬಿಡುಗಡೆಯಾಯಿತು.

ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿ.ಮೀ. ಬೆಳಗಿನ ಬಸ್ಸಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬುತ್ತಿ ಕಟ್ಟಿಕೊಂಡು, ನಂಜನಗೂಡು ದಾಟಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ತಾಯಂದಿರು ನಮ್ಮಲ್ಲೂ ಇದ್ದಾರೆ. ಇಂಥ ತಾಯಂದಿರಿಗೆ ವಿಲ್ಮಾ ಅವರ ಕಥೆಯನ್ನು ಹೇಳುವಾಗ ನಾನು ರೋಮ್ ನಗರದಿಂದ ಆರಂಭಿಸುವುದಿಲ್ಲ, ಆ ಬಸ್ಸಿನಿಂದ ಆರಂಭಿಸುತ್ತೇನೆ.

ಅದೇ ರೋಗ, ಬೇರೆ ಫಲ

ಹಾಗಾದರೆ ದಿನಕ್ಕೆ ನಾಲ್ಕು ಸಲ ನೀವಿದರೆ ಪೋಲಿಯೊ ತಗುಲಿದ ಕಾಲು ಓಡುತ್ತದೆಯೇ? ಹಾಗೆ ಹೇಳಲಾಗದು. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿರುವ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಉಳಿದ ನರಗಳು ಹೊಸ ಕವಲೊಡೆದು ಅನಾಥವಾದ ಸ್ನಾಯುಗಳ ಒಂದಷ್ಟು ಭಾಗವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ. ವ್ಯಾಯಾಮವು ಹೀಗೆ ಉಳಿದ ಬಲವನ್ನು ಬೆಳೆಸುತ್ತದೆ, ಕೀಲುಗಳು ಬಿಗಿದುಕೊಳ್ಳದಂತೆ ಕಾಯುತ್ತದೆ. ಎಷ್ಟು ನರಗಳು ಉಳಿದಿವೆ ಎಂಬುದು ಮನೋಬಲಕ್ಕೆ ಸೇರಿದ ವಿಷಯವಲ್ಲ.

ಇದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರಿಗೆ ಒಂದು ವರ್ಷ ದಾಟುತ್ತಿದ್ದಂತೆಯೇ ಜ್ವರ ಬಂದು ಇಡೀ ದೇಹ ನಿಶ್ಚಲವಾಯಿತು. ಎರಡು ವರ್ಷ ನಡೆದ ವಿದ್ಯುತ್ ಚಿಕಿತ್ಸೆಯ ನಂತರ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು. ಕಾಲುಗಳಿಗೆ ಬರಲಿಲ್ಲ. ಬಾಲ್ಯದ ಸುಮಾರು 15 ವರ್ಷಗಳನ್ನು ಅವರು ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆದರು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಓಟದ ಸ್ಪರ್ಧೆಗಳಲ್ಲಿ ಪಾಲ್ಗೊಂಡರು, ಗುಂಡು, ಡಿಸ್ಕಸ್, ಜಾವೆಲಿನ್ ಎಸೆದರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಬ್ಯಾಂಕಿನಲ್ಲಿ ಉದ್ಯೋಗ ಮಾಡುತ್ತಲೇ ವಿಕಲಚೇತನ ಮಕ್ಕಳಿಗಾಗಿ ಮಾತೃ ಫೌಂಡೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು.

ವಿಲ್ಮಾ ಅವರ ಕಾಲು ಓಡಿತು, ಮಾಲತಿ ಅವರ ಕಾಲು ನಡೆಯಲೂ ಇಲ್ಲ. ಇಬ್ಬರಲ್ಲಿ ಯಾರಿಗೆ ಮನಸ್ಸು ಕಡಿಮೆಯಿತ್ತೆಂದು ಹೇಳುತ್ತೀರಿ? ಇಬ್ಬರೂ ತಮಗೆ ಉಳಿದ ಬಲವೆಷ್ಟೆಂದು ತಿಳಿದು ಅದನ್ನು ದಿನವೂ ಬೆಳೆಸಿದರು. ಮಕ್ಕಳಿಗೆ ಹೇಳಬೇಕಾದುದು ಇದನ್ನೇ.

ಪೋಲಿಯೊ ಬಗ್ಗೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್‌ನಿಂದಾದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ಪ್ರಮಾಣೀಕರಿಸಿತು. ಇದು ಲಸಿಕೆಯ ಫಲ. ರೋಗ ಕಾಣುತ್ತಿಲ್ಲವೆಂದು ಹನಿ ಹಾಕಿಸುವುದನ್ನಾಗಲಿ ಚುಚ್ಚುಮದ್ದನ್ನಾಗಲಿ ತಪ್ಪಿಸಬಾರದು.

ಆಟವೇ ಚಿಕಿತ್ಸೆಯಾದಾಗ

ವಿಕಲಚೇತನರ ಕ್ರೀಡೆ ಹುಟ್ಟಿದ್ದು ಆಸ್ಪತ್ರೆಯ ಅಂಗಳದಲ್ಲಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರನ್ನು ನೋಡಿಕೊಳ್ಳುತ್ತಿದ್ದ ಡಾ. ಲುಡ್ವಿಗ್ ಗುಟ್‌ಮನ್ ಅವರು ಆಟವನ್ನು ಚಿಕಿತ್ಸೆಯ ಭಾಗವಾಗಿಸಿದರು. 1948ರ ಜುಲೈ 29ರಂದು 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ ಪಾಲ್ಗೊಂಡರು. ಅದು ಬೆಳೆದು 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ಆಯಿತು. ವಿಲ್ಮಾ ಅವರು ಮೂರು ಚಿನ್ನ ಗೆದ್ದ ಅದೇ ಊರಿನಲ್ಲಿ, ಅದೇ ತಿಂಗಳಿನಲ್ಲಿ.

ಬೆಂಗಳೂರಿನ ಈಜುಗಾರ ನಿರಂಜನ್ ಮುಕುಂದನ್ ಅವರದೂ ಇಂಥದೇ ದಾರಿ. ಬೆನ್ನುಮೂಳೆ ಸರಿಯಾಗಿ ಕೂಡಿಕೊಳ್ಳದ ತೊಂದರೆಯ ಜೊತೆಗೆ ಸೊಟ್ಟ ಪಾದವೂ ಇದ್ದು ಹುಟ್ಟಿದವರು ಅವರು. ಹಲವು ಶಸ್ತ್ರಚಿಕಿತ್ಸೆಗಳಾದವು. ಬಾಲ್ಯದಲ್ಲಿ ಅವರನ್ನು ಕೊಳಕ್ಕೆ ಇಳಿಸಿದ್ದು ಪದಕದ ಆಸೆಯಿಂದಲ್ಲ. ಸ್ನಾಯುಗಳಿಗೆ ಬಲ ಬರಲೆಂದು ವೈದ್ಯರು ಕೊಟ್ಟ ಸಲಹೆಯಿಂದ. ನೀರಿನಲ್ಲಿ ದೇಹದ ಭಾರ ಕಾಲಿನ ಮೇಲೆ ಬೀಳುವುದಿಲ್ಲವಾದ್ದರಿಂದ ದುರ್ಬಲ ಸ್ನಾಯುವೂ ಅಲ್ಲಿ ಕೆಲಸ ಮಾಡಬಲ್ಲದು. ಅವರು ಮುಂದೆ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು.

ಚಾಮರಾಜನಗರದಿಂದ ಸತ್ಯಮಂಗಲದ ಕಾಡು ದಾಟಿ ಹೋದರೆ ಸಿಗುವ ತಮಿಳುನಾಡಿನ ಸೇಲಂ ಜಿಲ್ಲೆಯವರು ಮಾರಿಯಪ್ಪನ್ ತಂಗವೇಲು. 5ನೆಯ ವಯಸ್ಸಿನಲ್ಲಿ ಬಸ್ಸು ಹರಿದು ಬಲಗಾಲು ಜಜ್ಜಿಹೋಯಿತು. ತರಕಾರಿ ಮಾರುತ್ತಿದ್ದ ತಾಯಿ ಸಾಲ ಮಾಡಿ ಚಿಕಿತ್ಸೆ ಕೊಡಿಸಿದರು. ಬೆಂಗಳೂರಿನಲ್ಲಿ ಸತ್ಯನಾರಾಯಣ ಅವರ ಬಳಿ ತರಬೇತಿ ಪಡೆದು 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದರು. ಚಿತ್ರದಲ್ಲಿದ್ದ ಗಿರೀಶ ಅವರಿಗೂ ಗುರುವಾಗಿದ್ದವರು ಸತ್ಯನಾರಾಯಣ ಅವರೇ. ಹುಟ್ಟಿನಿಂದಲೇ ಒಂದು ಕಾಲಿನಲ್ಲಿ ಊನವಿದ್ದ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಅದೊಂದೇ ಪದಕ.

ಬೂಟು ಬಿಟ್ಟದ್ದೇ ಕಾರಣ

ಈಗ ನಮ್ಮ ಹುಡುಗನ ವಿಷಯಕ್ಕೆ ಬರೋಣ. ಅವನಿಗಿದ್ದುದು ಹುಟ್ಟಿನಿಂದ ಬರುವ ಸೊಟ್ಟ ಪಾದ. ವೈದ್ಯರು ಇದನ್ನು ಕ್ಲಬ್‌ಫೂಟ್ ಎನ್ನುತ್ತಾರೆ. ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗೆ ಇದು ಬರುತ್ತದೆ. ತಾಯಿ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದರು. "ಗ್ರಾಣ್ದಲ್ಲಿ ಹೊರಕ್ ಬಂದಿದ್ದಿ, ಅದ್ಕೇ ಹಿಂಗಾಯ್ತು ಅಂತ ನಮ್ಮತ್ತ ಈಗ್ಲೂವ ಅಂತಾರ ಸಾ" ಎಂದು ಕಣ್ಣೊರೆಸಿಕೊಂಡರು. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತಾಯಿ ಬಸುರಿಯಾಗಿದ್ದಾಗ ಕುಳಿತ, ಕತ್ತರಿಸಿದ, ತಿಂದ ಯಾವುದರಿಂದಲೂ ಇದು ಬಂದದ್ದಲ್ಲ. ಈ ಮಾತನ್ನು ತಂದೆಯನ್ನೂ ಒಳಗೆ ಕರೆದು ಅವರೆದುರಿಗೇ ಹೇಳಿದೆ.

ಈ ಮಗುವಿಗೆ ಚಿಕಿತ್ಸೆ ಆಗಿರಲಿಲ್ಲವೆಂದಲ್ಲ. ಮೂರು ವಾರದ ಕೂಸಾಗಿದ್ದಾಗಲೇ ಆರಂಭವಾಗಿತ್ತು. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾ. ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ವಿಧಾನವನ್ನೇ ಈಗ ಎಲ್ಲೆಡೆ ಅನುಸರಿಸುತ್ತಾರೆ. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್‌ಗಳು ಬೇಕಾಗುತ್ತವೆ. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಬಿಗಿಯಾದ ಸ್ನಾಯುರಜ್ಜುವನ್ನು ಚಿಕ್ಕ ಗಾಯದ ಮೂಲಕ ಬಿಡಿಸಿ, ಮೂರು ವಾರ ಇನ್ನೊಂದು ಪ್ಲಾಸ್ಟರ್ ಹಾಕುತ್ತಾರೆ. ಪಾದ ನೆಟ್ಟಗಾಗುತ್ತದೆ.

ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ. ಅಡ್ಡಪಟ್ಟಿಯಿಂದ ಜೋಡಿಸಿದ ಎರಡು ಬೂಟುಗಳನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಅನಂತರ 4-5 ವರ್ಷ ವಯಸ್ಸಾಗುವವರೆಗೆ ಮಲಗುವಾಗಲೆಲ್ಲ ಹಾಕಬೇಕು. ಪಾದವನ್ನು ಒಳಕ್ಕೆಳೆಯುವ ಗುಣ ಎಳೆಯ ವಯಸ್ಸಿನಲ್ಲಿ ಉಳಿದೇ ಇರುತ್ತದೆ. ಬೂಟು ಬಿಟ್ಟರೆ ಸೊಟ್ಟತನ ಮರಳುತ್ತದೆ. ಮರಳಲು ಅತಿ ಸಾಮಾನ್ಯವಾದ ಕಾರಣ ಇದೇ.

ಇವರ ಮನೆಯಲ್ಲೂ ನಡೆದದ್ದು ಅದೇ. ಮಗು ರಾತ್ರಿಯೆಲ್ಲ ಅಳುತ್ತಿತ್ತು. ಪಾದ ನೆಟ್ಟಗೆ ಕಾಣುತ್ತಿತ್ತು. ಒಂದು ವರ್ಷ ತುಂಬಿದಾಗ ಮನೆಯಲ್ಲಿ ಮದುವೆ, ನೆಂಟರಿಷ್ಟರು. "ಪಾಪದ ಕೂಸನ್ನ ಯಾಕ್ ಕಟ್ಟಾಕಿದ್ದೀರಿ" ಎಂದು ಹಿರಿಯರೊಬ್ಬರು ಬಿಚ್ಚಿಸಿದರು. ಬೂಟು ಅಟ್ಟ ಸೇರಿತು. ನಾಲ್ಕನೆಯ ವರ್ಷದ ಹೊತ್ತಿಗೆ ಪಾದ ಮತ್ತೆ ತಿರುಗತೊಡಗಿತು.

ಅವರು ಪ್ರೀತಿಯಿಂದಲೇ ಬಿಚ್ಚಿದರು. ಹಾಗಾಗಿ ಬೈಯುವುದರಿಂದ ಪ್ರಯೋಜನವಿರಲಿಲ್ಲ. ಆದರೆ ಹುಡುಗನಿಗೆ ಮನಸ್ಸಿಲ್ಲವೆಂಬ ಮಾತು ನಿಜವಲ್ಲವೆಂದು ಮಾತ್ರ ಸ್ಪಷ್ಟವಾಗಿ ಹೇಳಬೇಕಾಗಿತ್ತು. ಬಿಗಿದ ಪಾದವನ್ನು ತಾನೇ ಜಗ್ಗಿಕೊಂಡರೆ ನೋವಾಗುತ್ತಿತ್ತು, ಅದಕ್ಕೇ ಅಳುತ್ತಿದ್ದ. ಅವನಿಗೆ ಮತ್ತೆ ಪ್ಲಾಸ್ಟರ್ ಬೇಕಿತ್ತು, ಶಸ್ತ್ರಚಿಕಿತ್ಸೆ ಬೇಕಿತ್ತು. ವ್ಯಾಯಾಮದ ಸರದಿ ಆಮೇಲೆ.

ಮನೆಯವರು ಮಾಡಬೇಕಾದುದೇನು?

ಮಗು ಹುಟ್ಟಿದ ಕೂಡಲೇ ಪಾದ, ಸೊಂಟ, ಬೆನ್ನು ನೋಡಿಸಿಕೊಳ್ಳಿ. ಸೊಟ್ಟ ಪಾದ ಕಂಡರೆ ಮೊದಲ ವಾರಗಳಲ್ಲೇ ಮೂಳೆ ತಜ್ಞರ ಬಳಿ ಹೋಗಿ. ದೊಡ್ಡದಾದ ಮೇಲೆ ತಾನಾಗಿ ಸರಿಯಾಗುತ್ತದೆಂದು ಕಾಯಬೇಡಿ. ಹಾಗೆಂದು ತಡವಾದವರು ನಿರಾಶರಾಗಬೇಕಿಲ್ಲ, ದೊಡ್ಡ ಮಕ್ಕಳಿಗೂ ಚಿಕಿತ್ಸೆ ಇದೆ.

ಪ್ಲಾಸ್ಟರ್ ಹಾಕಿದಾಗ ಬೆರಳ ತುದಿಗಳು ಕಾಣುವಂತಿರಬೇಕು. ಅವು ಬೆಚ್ಚಗೆ, ಸಹಜ ಬಣ್ಣದಲ್ಲಿರಬೇಕು. ಊದಿಕೊಂಡರೆ, ನೀಲಿಯಾದರೆ ಅಥವಾ ತಣ್ಣಗಾದರೆ, ಮಗು ಎಡೆಬಿಡದೆ ಅತ್ತರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಓಡಿ.

ಬೂಟು ಹಾಕಿದ ಮೊದಲ ಕೆಲವು ರಾತ್ರಿ ಮಗು ಅಳುವುದು ಸಹಜ. ದಿನವೂ ಅದೇ ವೇಳೆಗೆ ಹಾಕಿದರೆ ರೂಢಿಯಾಗುತ್ತದೆ. ಚರ್ಮ ಕೆಂಪಾಗಿ ಬೊಬ್ಬೆ ಎದ್ದರೆ ಬೂಟು ಬಿಟ್ಟುಬಿಡದೆ ವೈದ್ಯರಿಗೆ ತೋರಿಸಿ. ಅಳತೆ ಚಿಕ್ಕದಾಗಿರಬಹುದು. ಮನೆಗೆ ಬಂದವರು ಬಿಚ್ಚಿ ಎಂದರೆ ಬಿಚ್ಚಬೇಡಿ.

ವ್ಯಾಯಾಮವನ್ನು ಮಗುವೊಂದರ ಪಾಲಿಗೆ ಬಿಡಬೇಡಿ. ಮನೆಯ ಒಬ್ಬರು ಜೊತೆಗೆ ಕುಳಿತು ಫಿಸಿಯೋಥೆರಪಿಯವರು ತೋರಿಸಿದಷ್ಟನ್ನೇ ಮಾಡಿಸಿ. ಜಗ್ಗಿದಾಗ ಬಿಗಿತ ತಿಳಿಯಬಹುದು. ಆದರೆ ಊತ, ರಾತ್ರಿ ನಿದ್ದೆಗೆಡಿಸುವ ನೋವು ಬಂದರೆ ನಿಲ್ಲಿಸಿ ಕೇಳಬೇಕು. ನೋವು ಸಹಿಸಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ.

ಎಲ್ಲದಕ್ಕೂ ದೂರ ಹೋಗಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುತ್ತಾರೆ. ಸೊಟ್ಟ ಪಾದವೂ ಆ ಪಟ್ಟಿಯಲ್ಲಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಗುಂಡ್ಲುಪೇಟೆಯವರಿಗೆ ಮೈಸೂರಿಗಿಂತ ಅದು ಹತ್ತಿರ. 2023ರ ಜೂನ್‌ನಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದಂತಾದ ಮೇಲೆ ವಾರ ವಾರ ಬರುವ ತಾಯಂದಿರಿಗೆ ಎಷ್ಟೋ ಅನುಕೂಲವಾಗಿದೆ.

ಕೊನೆಯದಾಗಿ, ಕ್ರೀಡಾಪಟುಗಳ ಕಥೆ ಹೇಳುವಾಗ ಹೋಲಿಸಬೇಡಿ. ಅವರನ್ನು ನೋಡು, ನಿನಗೇನಾಗಿದೆ ಎಂದರೆ ಮಗು ಆ ಕಥೆಯನ್ನೂ ದ್ವೇಷಿಸುತ್ತದೆ, ತನ್ನ ಕಾಲನ್ನೂ ದ್ವೇಷಿಸುತ್ತದೆ. ಅವರಿಗೆ ಅವರ ಮನೆಯವರು ಏನು ಮಾಡಿದರು, ನಾವು ನಿನಗೆ ಏನು ಮಾಡೋಣ ಎಂದು ಕೇಳಿ. ಮಗುವಿಗೆ ತನ್ನದೇ ಆದ ಗುರಿಯಿರುತ್ತದೆ. ಮರ ಹತ್ತುವುದು, ಸೈಕಲ್ ತುಳಿಯುವುದು, ಅಂಗಡಿಗೆ ಒಬ್ಬನೇ ಹೋಗಿ ಬರುವುದು. ಅದು ಪದಕಕ್ಕಿಂತ ಸಣ್ಣದಲ್ಲ.

ಆ ಹುಡುಗನ ಗುರಿ ಶಾಲೆಗೆ ಕುಂಟದೆ ಹೋಗುವುದು. ಕೆಲವು ವಾರ ಪ್ಲಾಸ್ಟರ್‌ಗಳಾದವು. ಬಳಿಕ ಪಾದವನ್ನು ಒಳಕ್ಕೆಳೆಯುತ್ತಿದ್ದ ಸ್ನಾಯುರಜ್ಜುವೊಂದನ್ನು ಹೊರಭಾಗಕ್ಕೆ ಸರಿಸಿ ಕೂಡಿಸುವ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಆರು ವಾರ ಪ್ಲಾಸ್ಟರ್, ಆಮೇಲೆ ವ್ಯಾಯಾಮ. ಎಂಟು ತಿಂಗಳ ನಂತರ ಬಂದಾಗ ಅಂಗಾಲು ಪೂರ್ತಿ ನೆಲಕ್ಕೆ ಊರುತ್ತಿತ್ತು. ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ತೆಳ್ಳಗಿದೆ, ಪಾದ ಕೊಂಚ ಚಿಕ್ಕದಿದೆ. ಅದು ಹಾಗೆಯೇ ಉಳಿಯುತ್ತದೆ. ಬಹಳ ನಡೆದ ದಿನ ಸ್ವಲ್ಪ ಎಳೆದು ಹಾಕುತ್ತಾನೆ.

ಗಿರೀಶ ಅವರ ಚಿತ್ರ ಈಗ ಮನೆಯ ಗೋಡೆಯ ಮೇಲಿದೆಯಂತೆ. ಅದರ ಕೆಳಗೆ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಬೆಳಿಗ್ಗೆ ಒಂದು, ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಒಂದು, ಹೀಗೆ ದಿನಕ್ಕೆ ಎರಡು ಗೀಟು ಎಳೆಯುತ್ತಾರೆ. ಎಳೆಯುವವನು ಹುಡುಗ. ಕಾಲು ಜಗ್ಗಿ ನೀವುವವರು ಯಾರೆಂದು ಕೇಳಿದೆ.

"ಅವ್ವ ಬೆಳಿಗ್ಗ, ಅಪ್ಪ ಸಂಜ. ಅಪ್ಪಂದೇ ಒಸಿ ಗಟ್ಟಿ ಕೈ ಸಾ" ಎಂದ. ತಂದೆ ಬಾಗಿಲ ಬಳಿ ನಿಂತು ಚೀಟಿಯನ್ನು ಮಡಿಸುತ್ತಿದ್ದರು.